ಅಸೆಂಬ್ಲಿ ಕೋಡ್‌ನಲ್ಲಿ ಉದ್ದ ಸಾಲುಗಳನ್ನು ಮುರಿಯುವ ಬಗೆ

ಭಾನುವಾರ ಬಸವನಗುಡಿಯಲ್ಲಿ ಒಟ್ಟಿಗೆ ಕೂತು ಓದುವ ನಮ್ಮ ಗುಂಪಿನಲ್ಲಿ ಬಹುತೇಕರು ಸಿ ಭಾಷೆಯಿಂದ ಬಂದವರು. ಅಲ್ಲಿ ಸೆಮಿಕೋಲನ್ ಬರುವವರೆಗೂ ವಾಕ್ಯ ಮುಂದುವರಿಯುತ್ತದೆ. ಪ್ರೊಸೆಸರ್‌ಗೆ ಒಂದೊಂದೇ ಆದೇಶ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ಸಾಮಾನ್ಯವಾಗಿ ಸಾಲು ಮುಗಿದರೆ ವಾಕ್ಯವೂ ಮುಗಿಯಿತು. ಆದ್ದರಿಂದ ಉದ್ದ ಸಾಲನ್ನು ಮುರಿಯುವ ಮೊದಲು ಅದರಲ್ಲಿರುವುದು ದತ್ತಾಂಶವೋ ಅಥವಾ ಮ್ಯಾಕ್ರೋದಂಥ (ಹಲವು ಸಾಲುಗಳ ಬದಲಿಗೆ ನಿಲ್ಲುವ ಹೆಸರು) ಒಂದೇ ವಾಕ್ಯವೋ ಎಂದು ನೋಡಿಕೊಳ್ಳಬೇಕು.

ದತ್ತಾಂಶವಾದರೆ ಕೆಲಸ ಸುಲಭ. ನಾಸ್ಮ್ ಎಂಬ ಅಸೆಂಬ್ಲರ್‌ನಲ್ಲಿ (ಅಸೆಂಬ್ಲಿಯನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಒಂದರ ಕೆಳಗೊಂದು ಬರೆದ 'ಡಿಬಿ' (ಬೈಟ್‌ಗಳನ್ನು ಇಡುವ ಸೂಚನೆ) ಸಾಲುಗಳ ಬೈಟ್‌ಗಳು ಮೆಮೊರಿಯಲ್ಲಿ ಬೆನ್ನುಬೆನ್ನಿಗೇ ಕೂರುತ್ತವೆ. ಆ ಜಾಗವನ್ನು ಕರೆಯುವ ಹೆಸರು, ಅಂದರೆ ಲೇಬಲ್, ಮೊದಲ ಸಾಲಿಗೆ ಮಾತ್ರ ಇದ್ದರೆ ಸಾಕು. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ 'ನಮಸ್ಕಾರ' ಎಂಬುದು 7 ಸಂಕೇತಗಳು, ತಲಾ 3ರಂತೆ 21 ಬೈಟ್. ಅದನ್ನು ಒಂದು ಸಾಲಿನಲ್ಲಿ 'ನಮಸ್', ಇನ್ನೊಂದರಲ್ಲಿ 'ಕಾರ' ಎಂದು ಬರೆದರೆ 12 ಮತ್ತು 9 ಬೈಟ್ ಆಗಿ, ಪರದೆಯ ಮೇಲೆ ಒತ್ತಕ್ಷರ ಸಮೇತ ಒಂದೇ ಪದವಾಗಿ ಮೂಡುತ್ತದೆ. ಉದ್ದವನ್ನು, ಆ ಸಾಲಿನ ವಿಳಾಸ ಸೂಚಿಸುವ ಡಾಲರ್ ಚಿಹ್ನೆಯಿಂದ ಲೇಬಲ್ ಕಳೆದು ಲೆಕ್ಕ ಹಾಕುವ ಸಾಲು ಮಾತ್ರ ಕೊನೆಯ ತುಂಡಿನ ಹಿಂದೆಯೇ ಬರಬೇಕು.

ಇದೇ ಧೈರ್ಯದಲ್ಲಿ ಮೈಕ್ರೋಸಾಫ್ಟ್‌ನ ಅಸೆಂಬ್ಲರ್ ಮಾಸ್ಮ್‌ಗೆ ಹೋಗಿ ನಾನು ಎಡವಿದೆ. ಬಸ್ ಮಾರ್ಗವೊಂದರ 12 ನಿಲ್ದಾಣಗಳ ದೂರವನ್ನು 8 ಮತ್ತು 4ರಂತೆ ಎರಡು 'ಬೈಟ್' ಸಾಲುಗಳಲ್ಲಿ ಬರೆದಿದ್ದೆ. ಅವನ್ನು ಓದುವ ಲೂಪ್ 8ಕ್ಕೇ ನಿಂತಿತು. ಲೂಪ್‌ಗೆ ಎಣಿಕೆ ಕೊಡುವ ಅಲ್ಲಿನ 'ಲೆಂತ್‌ಆಫ್' ಲೇಬಲ್ ಇರುವ ಘೋಷಣೆಯನ್ನಷ್ಟೇ ಎಣಿಸುತ್ತದೆ. ಮೊದಲ ಸಾಲನ್ನು ಅಲ್ಪವಿರಾಮದಿಂದ ಮುಗಿಸಿ, ಎರಡನೆಯದರಲ್ಲಿ 'ಬೈಟ್' ಪದವನ್ನು ಬಿಟ್ಟರೆ ಎರಡೂ ಒಂದೇ ಘೋಷಣೆಯಾಗಿ 12 ಸಿಗುತ್ತದೆ. ಅಂದರೆ ಮೆಮೊರಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದಿದ್ದರೂ ಸಾಲನ್ನು ಮುರಿದ ರೀತಿಯಿಂದ ಎಣಿಕೆ ಬದಲಾಗಿತ್ತು.

ಒಂದೇ ವಾಕ್ಯವನ್ನು ಮುಂದುವರಿಸಲು ನಾಸ್ಮ್, ಮಾಸ್ಮ್ ಎರಡರಲ್ಲೂ ಸಾಲಿನ ತುದಿಗೆ ಬ್ಯಾಕ್‌ಸ್ಲ್ಯಾಶ್ ಇದೆ. ಐಬಿಎಂ ಸಿಸ್ಟಂ/360 ಕಂಪ್ಯೂಟರಿನ ಪಂಚ್ ಕಾರ್ಡ್ ಕಾಲದಲ್ಲಿ ಇದೇ ಕೆಲಸಕ್ಕೆ 72ನೇ ಕಾಲಂನಲ್ಲಿ ಯಾವುದಾದರೂ ಅಕ್ಷರವಿಟ್ಟು, ಮುಂದಿನ ಕಾರ್ಡನ್ನು 16ನೇ ಕಾಲಂನಿಂದ ಶುರುಮಾಡುತ್ತಿದ್ದರು; 73ರಿಂದ 80ರವರೆಗಿನ ಜಾಗ ಕಾರ್ಡ್‌ಗಳ ಕ್ರಮಸಂಖ್ಯೆಗೆ ಮೀಸಲು. ಆ ಶಿಸ್ತಿನ ಮುಂದೆ ನಮ್ಮದು ಆರಾಮದ ಕೆಲಸವೇ.

ಆದರೂ ಕಾಮೆಂಟ್‌ಗಳ (ಅಸೆಂಬ್ಲರ್ ಓದದೆ ಬಿಡುವ ಟಿಪ್ಪಣಿಗಳ) ವಿಷಯದಲ್ಲಿ ಎಚ್ಚರ ಬೇಕು. ನಾಸ್ಮ್‌ನಲ್ಲಿ ಕಾಮೆಂಟಿನ ಕೊನೆಗೆ ಫೋಲ್ಡರ್ ವಿಳಾಸ ಬರೆದು ಅದು ಬ್ಯಾಕ್‌ಸ್ಲ್ಯಾಶ್‌ನಲ್ಲಿ ಮುಗಿದರೆ, ಕೆಳಗಿನ 'ಮೂವ್' ಆದೇಶದ ಸಾಲೂ ಕಾಮೆಂಟಿನೊಳಗೆ ಸೇರಿಹೋಗುತ್ತದೆ. ಉದ್ದನೆಯ ಕಾಮೆಂಟನ್ನು ಆದೇಶದ ಬಲಕ್ಕೆ ಎಳೆಯುವ ಬದಲು, ಅದರ ಮೇಲೆ ಸೆಮಿಕೋಲನ್‌ನಿಂದ ಶುರುವಾಗುವ ಎರಡು ಪ್ರತ್ಯೇಕ ಸಾಲುಗಳಾಗಿ ಬರೆಯುವುದು ನನಗೆ ಹಿಡಿಸಿದ ಕ್ರಮ.