ಐಎಸ್‌ಒ 9001 ಇದ್ದರೆ ರಿಸ್ಕ್ ರಿಜಿಸ್ಟರ್ ಇಡಲೇಬೇಕಾ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್. ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಸರ್ಟಿಫಿಕೇಟ್ ಇದೆ. ಆಡಿಟ್ ಹತ್ತಿರ ಬಂದಾಗಲೆಲ್ಲ ರಿಸ್ಕ್ ರಿಜಿಸ್ಟರ್ (ಏನೇನು ರಿಸ್ಕ್ ಇದೆ ಅಂತ ಬರೆದಿಡುವ ಪಟ್ಟಿ) ತುಂಬಿಸಿಡಿ ಅಂತಾರೆ. ಅದು ಕಡ್ಡಾಯವಾ? ರಿಸ್ಕ್ ಅಂದ್ರೆ ಅವರ ಲೆಕ್ಕದಲ್ಲಿ ಏನು?

ಉತ್ತರ: ಕಡ್ಡಾಯ ಅಲ್ಲ. 2015ರ ಆವೃತ್ತಿಯ ಕೊನೆಗೆ ಅನುಬಂಧ ಎ.4 ಇದೆ, ತೆಗೆದು ನೋಡಿ. ರಿಸ್ಕ್ ನಿಭಾಯಿಸೋಕೆ ಇಂಥದ್ದೇ ವಿಧಾನ ಬೇಕು, ಅದನ್ನು ಬರೆದಿಡಲೇಬೇಕು ಎಂಬ ನಿಯಮವಿಲ್ಲ ಎಂದು ಅಲ್ಲೇ ಹೇಳಿದ್ದಾರೆ. ಆದರೆ 6.1ನೇ ಕಲಂನಿಂದ ತಪ್ಪಿಸಿಕೊಳ್ಳುವಂತಿಲ್ಲ. ರಿಸ್ಕ್ ಯಾವುದು, ಅವಕಾಶ ಯಾವುದು ಅಂತ ಗುರುತಿಸಬೇಕು. ಏನು ಮಾಡುತ್ತೀರಿ ಅಂತ ತೀರ್ಮಾನಿಸಿ ಅದನ್ನು ದಿನದ ಕೆಲಸದಲ್ಲೇ ಸೇರಿಸಬೇಕು. ಆಮೇಲೆ ಅದರಿಂದ ಉಪಯೋಗ ಆಯ್ತಾ ಅಂತಲೂ ನೋಡಬೇಕು. 2008ರ ಆವೃತ್ತಿಯಲ್ಲಿ 'ಪ್ರಿವೆಂಟಿವ್ ಆಕ್ಷನ್' (ತಪ್ಪು ಆಗುವ ಮೊದಲೇ ತಡೆಯುವ ಕ್ರಮ) ಎಂಬ ಬೇರೆ ಕಲಂ ಇತ್ತಲ್ಲ, ಈಗ ಅದಿಲ್ಲ. ಆ ಕೆಲಸ ಇಲ್ಲಿಗೆ ಬಂದಿದೆ.

ಇನ್ನು ರಿಸ್ಕ್ ಅಂದ್ರೆ ಏನು? ರಿಸ್ಕ್ ನಿರ್ವಹಣೆಯ ಮಾರ್ಗಸೂಚಿ ಐಎಸ್‌ಒ 31000 ಪ್ರಕಾರ, ಗುರಿಗಳ ಮೇಲೆ ಅನಿಶ್ಚಿತತೆಯ ಪರಿಣಾಮವೇ ರಿಸ್ಕ್. ಪರಿಣಾಮ ಒಳ್ಳೆಯದೂ ಆಗಬಹುದು, ಕೆಟ್ಟದೂ ಆಗಬಹುದು. 9001ಕ್ಕೆ ಪದಗಳ ಅರ್ಥ ಕೊಡುವ ಐಎಸ್‌ಒ 9000ದಲ್ಲಿ 'ಅನಿಶ್ಚಿತತೆಯ ಪರಿಣಾಮ' ಅಂತ ಮಾತ್ರ ಇದೆ, ಗುರಿಯ ಮಾತಿಲ್ಲ. ನನ್ನ ಕೇಳಿದರೆ ಗುರಿಯನ್ನು ಬಿಡಲೇಬಾರದು.

ಯಾಕೆ ಅಂದ್ರೆ, ಎಷ್ಟೋ ರಿಜಿಸ್ಟರ್‌ಗಳಲ್ಲಿ ಒಂದು ಸಾಲು ಹೀಗಿರುತ್ತದೆ: 'ಕರೆಂಟ್ ಹೋಗುವುದು, ಸಾಧ್ಯತೆ 3, ತೀವ್ರತೆ 3, ಗುಣಿಸಿದರೆ 9'. ಕರೆಂಟ್ ಹೋದರೆ ಯಾವ ಗುರಿಗೆ ಪೆಟ್ಟು? ಆ 9ನ್ನು ನೋಡಿ ಯಾರು ಏನು ಮಾಡಬೇಕು? ಗೊತ್ತಾಗಲ್ಲ. ಅದೇ ಗುರಿಯಿಂದ ಶುರು ಮಾಡಿ ನೋಡಿ. ಆರ್ಡರ್‌ಗಳಲ್ಲಿ 98% ಹೇಳಿದ ದಿನಕ್ಕೇ ತಲುಪಬೇಕು ಅನ್ನೋದು ನಿಮ್ಮ ಗುರಿ ಅಂದುಕೊಳ್ಳಿ. ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗಡೆ ಒಬ್ಬರೇ ವೆಂಡರ್ ಇದ್ದಾರೆ. ಅವರ ಫರ್ನೇಸ್ ಕೆಟ್ಟರೆ ನಿಮ್ಮ ಡೆಲಿವರಿ ನಿಂತಿತು. ಹಾಗಾಗಿ ಇನ್ನೊಬ್ಬರ ಹತ್ತಿರ ಸ್ಯಾಂಪಲ್ ಮಾಡಿಸಿ, ಗಡಸುತನ ಚೆಕ್ ಮಾಡಿ, ಗ್ರಾಹಕರ ಒಪ್ಪಿಗೆ ಪಡೆದು ವೆಂಡರ್ ಪಟ್ಟಿಗೆ ಸೇರಿಸುತ್ತೀರಿ. ಇಷ್ಟಾದರೆ 6.1 ಕೇಳಿದ್ದು ನಿಮ್ಮ ಕೆಲಸದಲ್ಲೇ ಕಾಣುತ್ತದೆ. ಆಡಿಟರ್ ಕೇಳಿದರೆ ಸ್ಯಾಂಪಲ್ ರಿಪೋರ್ಟ್ ಮತ್ತು ವೆಂಡರ್ ಪಟ್ಟಿ ತೋರಿಸಿ. ಅಂಕಿ ಗುಣಿಸಿದ ಹಾಳೆಗಿಂತ ಅದು ಜಾಸ್ತಿ ಗಟ್ಟಿ ಸಾಕ್ಷಿ.

ಹಾಗಂತ ಈ ಸಡಿಲಿಕೆ ಎಲ್ಲ ಸ್ಟ್ಯಾಂಡರ್ಡ್‌ಗಳಲ್ಲೂ ಇದೆ ಅಂದುಕೊಳ್ಳಬೇಡಿ. ಮಾಹಿತಿ ಸುರಕ್ಷತೆಯ 27001ರಲ್ಲಿ ರಿಸ್ಕ್ ಅಳೆಯುವ ವಿಧಾನವನ್ನು ದಾಖಲಿಸಲೇಬೇಕು, ಪ್ರತಿ ರಿಸ್ಕ್‌ಗೂ ಒಬ್ಬ ಹೊಣೆಗಾರ ಇರಬೇಕು. ಕಾರ್ಮಿಕರ ಸುರಕ್ಷತೆಯ 45001ರಲ್ಲಿ ರಿಸ್ಕ್‌ಗೆ ಇನ್ನೊಂದು ಅರ್ಥವೂ ಇದೆ: ಅಪಾಯದ ಘಟನೆ ನಡೆಯುವ ಸಾಧ್ಯತೆ ಮತ್ತು ಅದರಿಂದ ಆಗುವ ಗಾಯ ಅಥವಾ ಕಾಯಿಲೆಯ ತೀವ್ರತೆ, ಎರಡೂ ಸೇರಿದ್ದು. ಪ್ರೆಸ್‌ನಲ್ಲಿ ಬೆರಳು ಸಿಕ್ಕಿಕೊಳ್ಳುವುದನ್ನೂ ಡೆಲಿವರಿ ತಡವಾಗುವುದನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ಅಳತೆಯಲ್ಲಿ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಬೆರಳಿನ ವಿಷಯದಲ್ಲಿ ಸರಾಸರಿ ಲೆಕ್ಕ ನಡೆಯಲ್ಲ.

ರಿಜಿಸ್ಟರ್ ನಿಮಗೆ ಅನುಕೂಲ ಅನಿಸಿದರೆ ಖಂಡಿತ ಇಡಿ, ತಪ್ಪೇನಿಲ್ಲ. ಇಡದಿದ್ದರೂ ಒಂದು ದಾಖಲೆ ಮಾತ್ರ ಬೇಕೇ ಬೇಕು. ರಿಸ್ಕ್‌ಗೆ ಕೈಗೊಂಡ ಕ್ರಮಗಳಿಂದ ಎಷ್ಟು ಉಪಯೋಗವಾಯ್ತು ಅನ್ನೋದು ಮ್ಯಾನೇಜ್‌ಮೆಂಟ್ ರಿವ್ಯೂನಲ್ಲಿ ಚರ್ಚೆಗೆ ಬರಬೇಕು, ಆ ಸಭೆಯಲ್ಲಿ ಏನು ತೀರ್ಮಾನವಾಯ್ತು ಅನ್ನೋದು ಬರಹದಲ್ಲಿರಬೇಕು.