ಫೋರ್ಟ್ ವೇಯ್ನ್: ಮೂರು ನದಿಗಳ ಕೌಂಟಿ ಕೇಂದ್ರ

ಅಮೆರಿಕದ ಇಂಡಿಯಾನಾ ರಾಜ್ಯದ ಈಶಾನ್ಯ ಭಾಗದಲ್ಲಿರುವ ಫೋರ್ಟ್ ವೇಯ್ನ್ ನಗರದ ಬಗ್ಗೆ ಓದುವವರು ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ನದಿಗಳ ನಕ್ಷೆಯನ್ನು ಒಮ್ಮೆ ಬರೆದು ನೋಡಬೇಕು. ಇಸವಿಗಳು ಆಮೇಲೆ ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.

ಈಶಾನ್ಯದಿಂದ ಸೇಂಟ್ ಜೋಸೆಫ್, ಆಗ್ನೇಯದಿಂದ ಸೇಂಟ್ ಮೇರೀಸ್ ನದಿಗಳು ಹರಿದುಬಂದು ಊರೊಳಗೇ ಕೂಡುತ್ತವೆ. ಕೂಡಿದ ಮೇಲೆ ಅದು ಮೌಮೀ ನದಿ. ಪೂರ್ವಕ್ಕೆ ತಿರುಗಿ ಒಹಾಯೊ ರಾಜ್ಯವನ್ನು ಹಾದು ಈರಿ ಸರೋವರವನ್ನು ಸೇರುತ್ತದೆ. ಊರಿನಿಂದ ನೈರುತ್ಯಕ್ಕೆ ಕೆಲವೇ ಮೈಲಿ ಸಾಗಿದರೆ ನೀರಿನ ಇಳಿಜಾರೇ ಬದಲಾಗುತ್ತದೆ. ಅಲ್ಲಿನ ನೀರು ವಾಬಾಶ್, ಒಹಾಯೊ, ಮಿಸಿಸಿಪ್ಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ ಇಳಿಯುತ್ತದೆ. ನಡುವಿನ ಆ ತುಂಡು ನೆಲದಲ್ಲಿ ದೋಣಿಯನ್ನು ಹೊತ್ತು ನಡೆದರೆ ಮಹಾಸರೋವರಗಳಿಂದ ಮಿಸಿಸಿಪ್ಪಿಯವರೆಗೂ ಜಲಮಾರ್ಗ ಸಿಗುತ್ತಿತ್ತು. ಮಯಾಮಿ ಮೂಲನಿವಾಸಿಗಳ ಮುಖ್ಯ ಊರು ಕೆಕಿಯೊಂಗಾ ಇಲ್ಲಿ ನೆಲೆಗೊಂಡಿದ್ದು, ಫ್ರೆಂಚರೂ ಬ್ರಿಟಿಷರೂ ಇಲ್ಲಿಗೇ ಬಂದು ಕೋಟೆ ಹಿಡಿದದ್ದು ಈ ದಾರಿಗಾಗಿಯೇ.

1790ರಲ್ಲಿ ಹಾರ್ಮರ್, 1791ರಲ್ಲಿ ಸೇಂಟ್ ಕ್ಲೇರ್ ಎಂಬ ಅಮೆರಿಕದ ಸೇನಾನಿಗಳು ಈ ಪ್ರದೇಶದತ್ತ ದಂಡೆತ್ತಿ ಬಂದರು. ಮಯಾಮಿ ನಾಯಕ ಲಿಟಲ್ ಟರ್ಟಲ್ ಮುಂದಾಳತ್ವದ ಪಡೆಗಳು ಇಬ್ಬರನ್ನೂ ಸೋಲಿಸಿದವು. 1794ರಲ್ಲಿ ಅಮೆರಿಕದ ಇನ್ನೊಬ್ಬ ಸೇನಾನಿ ಆಂಥನಿ ವೇಯ್ನ್ ಬಂದಾಗ ಅದೇ ಲಿಟಲ್ ಟರ್ಟಲ್ ಸಂಧಿಯೇ ಲೇಸೆಂದು ಸಲಹೆ ನೀಡಿದ, ಯಾರೂ ಕೇಳಲಿಲ್ಲ. ಫಾಲನ್ ಟಿಂಬರ್ಸ್ ಕಾಳಗವನ್ನು ವೇಯ್ನ್ ಗೆದ್ದ, ಅದೇ ವರ್ಷದ ಅಕ್ಟೋಬರಿನಲ್ಲಿ ಸಂಗಮದ ಬಳಿ ಎದ್ದ ಕೋಟೆಗೆ ಅವನ ಹೆಸರು ಬಂತು. ಲಿಟಲ್ ಟರ್ಟಲ್ ಸಮಾಧಿಯೂ ಇದೇ ನಗರದಲ್ಲಿದೆ. ನನ್ನ ಮಟ್ಟಿಗೆ ಇವರಿಬ್ಬರಲ್ಲಿ ನಾವು ಹೆಚ್ಚು ಓದಿ ತಿಳಿಯಬೇಕಾದದ್ದು ಲಿಟಲ್ ಟರ್ಟಲ್ ಬಗ್ಗೆಯೇ.

ದೋಣಿ ಹೊರುವ ದಾರಿಯ ಜಾಗಕ್ಕೆ ಕಾಲುವೆ ಬಂತು. ವಾಬಾಶ್–ಈರಿ ಕಾಲುವೆಯ ಅಗೆತ 1832ರಲ್ಲಿ ಇಲ್ಲಿಂದಲೇ ಶುರುವಾಯಿತು. ಆ ಕಾಲುವೆಯ ಹಾದಿಯಲ್ಲಿ ಇದೇ ಎತ್ತರದ ತಾಣವಾದ್ದರಿಂದ ಊರಿಗೆ ‘ಸಮ್ಮಿಟ್ ಸಿಟಿ’ ಎಂಬ ಅಡ್ಡಹೆಸರು. ಬೆಟ್ಟದ ಊರೆಂದು ತಿಳಿಯಬೇಡಿ, ನೆಲ ಬಹುಮಟ್ಟಿಗೆ ಚಪ್ಪಟೆ. ಹಾಗಾಗಿಯೇ ನದಿಗಳು ಉಕ್ಕಿದರೆ ನೀರು ಬೇಗ ಇಳಿಯುವುದಿಲ್ಲ. 1982ರ ಮಾರ್ಚ್ ಪ್ರವಾಹದಲ್ಲಿ ಸಾವಿರಾರು ಸ್ವಯಂಸೇವಕರು, ಅವರಲ್ಲಿ ಬಹಳಷ್ಟು ವಿದ್ಯಾರ್ಥಿಗಳು, ಮರಳಿನ ಚೀಲ ಪೇರಿಸಿ ದಂಡೆಗಳನ್ನು ಕಾದರು.

ಇನ್ನು ಆಡಳಿತ. ಇಲ್ಲಿ ಗೊಂದಲ ಸಹಜ. ಫೋರ್ಟ್ ವೇಯ್ನ್ ನಗರ. ಅದು ಕೇಂದ್ರವಾಗಿರುವ ಅಲೆನ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಬೇರೆಯದೇ ಸರ್ಕಾರ. 1824ರಲ್ಲಿ ಆಡಳಿತ ಆರಂಭಿಸಿದ ಈ ಕೌಂಟಿ ಇಂಡಿಯಾನಾದ 92 ಕೌಂಟಿಗಳಲ್ಲಿ ವಿಸ್ತೀರ್ಣದಲ್ಲಿ ಮೊದಲನೆಯದು. ನಮ್ಮ ಜಿಲ್ಲಾಧಿಕಾರಿಯಂತೆ ಸರ್ಕಾರ ನೇಮಿಸಿದ ಮುಖ್ಯಸ್ಥರು ಅಲ್ಲಿಲ್ಲ. ಮೂವರು ಕಮಿಷನರ್‌ಗಳು, ಹಣಕಾಸು ನೋಡುವ ಏಳು ಸದಸ್ಯರ ಮಂಡಳಿ, ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥ ಎಲ್ಲರೂ ಚುನಾಯಿತರು. ನಗರಕ್ಕೆ ಪ್ರತ್ಯೇಕವಾಗಿ ಮೇಯರ್ ಮತ್ತು ಒಂಬತ್ತು ಸದಸ್ಯರ ಪರಿಷತ್ತು ಇದೆ. ನ್ಯಾಯಾಲಯ, ಆಸ್ತಿ ದಾಖಲೆ, ಜೈಲು ಕೌಂಟಿಯ ಪಾಲು. ಕುಡಿಯುವ ನೀರು ನಗರದ ಪಾಲು. 1902ರಲ್ಲಿ ಉದ್ಘಾಟನೆಯಾದ ಗುಮ್ಮಟದ ಕೋರ್ಟ್‌ಹೌಸ್ ಇಂದಿಗೂ ಊರಿನ ಹೆಗ್ಗುರುತು.

2020ರ ಜನಗಣತಿಯಂತೆ ನಗರದ ಜನಸಂಖ್ಯೆ 2,63,886. ರಾಜ್ಯದಲ್ಲಿ ಇಂಡಿಯಾನಾಪೊಲಿಸ್ ನಂತರದ ಸ್ಥಾನ. ಉದ್ಯಮದ ಇತಿಹಾಸದಲ್ಲಿ ಎರಡು ಇಸವಿಗಳು ಸಾಕು: ಸಿಲ್ವೇನಸ್ ಬೌಸರ್ ಸೀಮೆಎಣ್ಣೆಯ ಪಂಪ್ ಮಾರಿದ 1885, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರಕ್ ಕಾರ್ಖಾನೆ ಮುಚ್ಚಿದ 1983. ಕ್ವಿಜ್‌ಗಳಲ್ಲಿ ಎಡವಿಸುವ ಇನ್ನೊಂದು ಸಂಗತಿ ಬಾಸ್ಕೆಟ್‌ಬಾಲಿನದು. ಡೆಟ್ರಾಯಿಟ್ ಪಿಸ್ಟನ್ಸ್ ತಂಡದ ಹೆಸರು ಡೆಟ್ರಾಯಿಟಿನ ಕಾರುಗಳಿಂದ ಬಂದದ್ದಲ್ಲ. ಫೋರ್ಟ್ ವೇಯ್ನ್‌ನಲ್ಲಿ ಎಂಜಿನ್‌ನ ಭಾಗವಾದ ಪಿಸ್ಟನ್ ತಯಾರಿಸುತ್ತಿದ್ದ ಫ್ರೆಡ್ ಜಾಲ್ನರ್ ಕಟ್ಟಿದ ತಂಡವದು, 1957ರಲ್ಲಿ ಹೆಸರಿನ ಸಮೇತ ಡೆಟ್ರಾಯಿಟಿಗೆ ಹೋಯಿತು.