ಮಿಷಿಗನ್‌ನ ಟೌನ್‌ಶಿಪ್: ಚೌಕ ಯಾವುದು, ಊರು ಯಾವುದು?

ಅಮೆರಿಕದ ಸ್ಥಳೀಯ ಆಡಳಿತ ಓದುವಾಗ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ಟೌನ್‌ಶಿಪ್‌ಗಳು ಎರಡು ಬಗೆ. ಒಂದು ಮೋಜಣಿಯದು, ನೆಲ ಅಳೆದು ಮಾರಲು ಎಳೆದ ಚೌಕ. ಇನ್ನೊಂದು ಆಡಳಿತದ್ದು, ಚುನಾವಣೆ ನಡೆಸಿ ತೆರಿಗೆ ಎತ್ತುವ ಘಟಕ. ಒಳನಾಡಿನಲ್ಲಿ ಎಷ್ಟೋ ಕಡೆ ಎರಡರ ಗಡಿಯೂ ಒಂದೇ, ಹಾಗಾಗಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಚೌಕದ ಲೆಕ್ಕ

1785ರ ಭೂ ಕಾಯ್ದೆಯಿಂದ ಬಂದದ್ದು. 6 ಮೈಲಿ ಉದ್ದ, 6 ಮೈಲಿ ಅಗಲ, ಒಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. 16ನೇ ಸೆಕ್ಷನ್ ಶಾಲೆಗೆಂದು ಮೀಸಲು.

ಸೆಕ್ಷನ್‌ಗಳ ಸಂಖ್ಯೆ ಓಡುವ ರೀತಿ ಮಾತ್ರ ನಿಧಾನವಾಗಿ ನೋಡಬೇಕು. ಈಗಿನ ಕ್ರಮ 1796ರದು. ಈಶಾನ್ಯ ಮೂಲೆಯಲ್ಲಿ 1. ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ. 7 ಬರುವುದು ಮತ್ತೆ ಪೂರ್ವದ ತುದಿಯಲ್ಲಲ್ಲ, 6ರ ಕೆಳಗೇ. ಅಲ್ಲಿಂದ ಪೂರ್ವಕ್ಕೆ 12ರವರೆಗೆ. ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗಿ ಬರುತ್ತದಲ್ಲ, ಹಾಗೆ. 36 ಮುಗಿಯುವುದು ಆಗ್ನೇಯ ಮೂಲೆಯಲ್ಲಿ.

ನನಗೆ ತುಂಬ ಹಿಡಿಸಿದ ಒಳದಾರಿ ಒಂದಿದೆ. ಮೇಲೆ-ಕೆಳಗೆ ಇರುವ ಎರಡು ಸೆಕ್ಷನ್ ಕೂಡಿಸಿ. ಮೊದಲ ಮತ್ತು ಎರಡನೇ ಸಾಲಿನ ನಡುವೆ ಮೊತ್ತ ಯಾವಾಗಲೂ 13 (1+12, 4+9). ಮುಂದಿನ ಜೋಡಿಗೆ 25, ಆಮೇಲೆ 37, 49, 61. ಪ್ರತಿ ಸಲವೂ 12 ಏರುತ್ತದೆ. 16ರ ಕೆಳಗೆ ಏನು? 16 ಇರುವುದು ಮೂರನೇ ಸಾಲು, 37ರಲ್ಲಿ 16 ಕಳೆದರೆ 21. ಮೇಲೆ? 25ರಲ್ಲಿ 16 ಕಳೆದರೆ 9. ನಕ್ಷೆ ಬಿಡಿಸುವ ಅಗತ್ಯವೇ ಇಲ್ಲ. ಶಾಲೆಯ ಸೆಕ್ಷನ್ ಚೌಕದ ನಡುಮಧ್ಯಕ್ಕೆ ಅಂಟಿಕೊಂಡಿರುವುದೂ ಇದರಿಂದಲೇ ಕಾಣುತ್ತದೆ.

ಆಡಳಿತ

ಮಿಷಿಗನ್‌ನಲ್ಲಿ ಟೌನ್‌ಶಿಪ್ ನಡೆಸುವ ಮಂಡಳಿಯಲ್ಲಿ ಸೂಪರ್‌ವೈಸರ್, ಕ್ಲರ್ಕ್, ಖಜಾಂಚಿ, ಜೊತೆಗೆ ಇಬ್ಬರು ಅಥವಾ ನಾಲ್ವರು ಟ್ರಸ್ಟಿಗಳು. ಎಲ್ಲರೂ ಚುನಾಯಿತರು, ಕ್ಲರ್ಕ್ ಕೂಡ.

ಊರುಗಳ ಮೂರು ಮೆಟ್ಟಿಲು

ಸ್ವಂತ ಮಂಡಳಿಯಿಲ್ಲದ ಊರು, ವಿಲೇಜ್, ಸಿಟಿ. ಮಿಷಿಗನ್‌ನ ಲೀಲನಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಘಟಕ) ಸುತ್ತಲೇ ಈ ಮೂರೂ ಸಿಗುತ್ತವೆ. ಲೀಲಂಡ್ ಟೌನ್‌ಶಿಪ್ ಇರುವುದು ಮಿಷಿಗನ್ ಸರೋವರದ ದಂಡೆಯಲ್ಲಿ. ಅಲ್ಲಿನ ಲೀಲಂಡ್ ಊರಿನಲ್ಲಿ ನದಿಯ ಬಾಯಿಗೆ ಫಿಶ್‌ಟೌನ್‌ನ ಮೀನುಗಾರರ ಹಳೆಯ ಮರದ ಗುಡಿಸಲುಗಳು, ಮ್ಯಾನಿಟೂ ದ್ವೀಪಗಳಿಗೆ ಹೋಗುವ ದೋಣಿ ಹೊರಡುವ ಕಟ್ಟೆ ಇವೆ. ಒಂದು ಕಾಲಕ್ಕೆ ಕೌಂಟಿಯ ಕೇಂದ್ರವೂ ಇದೇ. ಆದರೂ ಕಾನೂನಿನ ಕಣ್ಣಲ್ಲಿ ಲೀಲಂಡ್‌ಗೆ ತನ್ನದೇ ಆಡಳಿತ ಮಂಡಳಿಯಿಲ್ಲ. ಅದರ ಕೆಲಸವನ್ನೆಲ್ಲ ಟೌನ್‌ಶಿಪ್ ಮತ್ತು ಕೌಂಟಿ ನೋಡಿಕೊಳ್ಳುತ್ತವೆ. ಜನಗಣತಿಯವರು ಎಣಿಕೆಗಾಗಿ ಒಂದು ಗೆರೆ ಎಳೆದುಕೊಂಡಿದ್ದಾರೆ, ಆ ಗೆರೆಗೆ ಆಡಳಿತದ ಅಧಿಕಾರವಿಲ್ಲ.

ಸಟನ್ಸ್ ಬೇ ವಿಲೇಜ್. ಅದಕ್ಕೆ ತನ್ನ ಮಂಡಳಿಯಿದೆ, ಆದರೆ ಟೌನ್‌ಶಿಪ್‌ನಿಂದ ಹೊರಬಿದ್ದಿಲ್ಲ. ಅಲ್ಲಿನವರು ಎರಡಕ್ಕೂ ತೆರಿಗೆ ಕಟ್ಟುತ್ತಾರೆ, ಎರಡಕ್ಕೂ ಮತ ಹಾಕುತ್ತಾರೆ. ಟ್ರಾವರ್ಸ್ ಸಿಟಿ ನಗರ, ಪೂರ್ತಿ ಹೊರಗೆ. ಪರೀಕ್ಷೆಗೆ ಓದುವವರು ವಿಲೇಜ್ ಮತ್ತು ಸಿಟಿ ನಡುವಿನ ಈ ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳಿ, ಗಾತ್ರ ನೋಡಿ ಊಹಿಸಬೇಡಿ.

ದಂಡೆಯಲ್ಲಿ ಏನಾಗುತ್ತದೆ

ನೀರು ಅಡ್ಡ ಬಂದಲ್ಲಿ ಸೆಕ್ಷನ್ 640 ಎಕರೆ ತುಂಬುವುದಿಲ್ಲ. ಮೋಜಣಿದಾರರು ದಂಡೆಯುದ್ದಕ್ಕೂ ಅಂಕುಡೊಂಕು ಗೆರೆ ಎಳೆದು, ಉಳಿದ ತುಂಡುಗಳಿಗೆ ಸರ್ಕಾರಿ ಲಾಟ್ ಎಂದು ಸಂಖ್ಯೆ ಕೊಟ್ಟರು. ಸರೋವರದಂಚಿನ ಹಳೆಯ ಪತ್ರಗಳಲ್ಲಿ ‘ಸರ್ಕಾರಿ ಲಾಟ್ 3’ ಎಂಬಂತಹ ವಿವರ ಕಂಡರೆ, ಆ ಜಮೀನು ಇಂಥ ತುಂಡಿನಿಂದ ಬಂದದ್ದು ಎಂದು ತಿಳಿಯಿರಿ.